ಸೋರದ ಎಣ್ಣೆ

ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ನಮ್ಮನ್ನು ಮೊದಲು ಮಾತಾಡಿಸುವುದು ಬೇಕರಿಯ ಪಫ್ಸಿನ ವಾಸನೆ. ನಿನ್ನೆಯೂ ಕಾಲು ತಾನಾಗಿ ಅತ್ತ ತಿರುಗಿತು. ಸುಳ್ಳೇಕೆ ಹೇಳಲಿ, ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ನನ್ನ ಸೋದರಮಾವ ನೆನಪಾದರು.

ಮಾವ ಇಲ್ಲಿನ ಎಣ್ಣೆಮಿಲ್ಲಿನಲ್ಲಿ ಶೇಂಗಾ ಎಣ್ಣೆ ತೆಗೆಸುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಎದೆನೋವು ಬಂದಾಗ ಡಾಕ್ಟರು ಎಣ್ಣೆ ಕಡಿಮೆ ಮಾಡಿ ಎಂದರು. ಕಡಿಮೆ ಮಾಡುವುದು ಮಾವನ ಜಾಯಮಾನದಲ್ಲಿಲ್ಲ, ಪೂರ್ತಿ ಬಿಟ್ಟರು. ಎಣ್ಣೆಡಬ್ಬ ಅಟ್ಟ ಸೇರಿತು. ಅತ್ತೆ ಮೊಳಕಾಲ್ಮೂರಿನ ಮಗ್ಗದ ಮನೆಯವರು, ಒಗ್ಗರಣೆ ಚುರ್ ಎನ್ನದಿದ್ದರೆ ಅದನ್ನು ಸಾರೆಂದೇ ಒಪ್ಪದವರು. ಅವರ ಎದೆಗೆ ಏನೂ ಆಗಿರಲಿಲ್ಲ. ಆದರೂ ಗಂಡ ಸಪ್ಪೆ ಉಣ್ಣುವಾಗ ತಾನು ರುಚಿ ನೋಡುವುದು ಹೇಗೆಂದು ಅವರೂ ಬಿಟ್ಟರು. ನಾನಂತೂ ಊಟದ ಹೊತ್ತು ತಪ್ಪಿಸಿ ಆ ಮನೆಗೆ ಹೋಗುವುದನ್ನು ಕಲಿತೆ.

ಸಂಜೆ ಮಾತ್ರ ಮಾವ ತಪ್ಪದೆ ಬೇಕರಿಗೆ ಹೋಗುತ್ತಿದ್ದರು. ಚಹಾ, ಪಫ್ಸು, ಮನಸ್ಸಾದರೆ ಒಂದು ಕ್ರೀಮ್ ಬನ್ನು. ಪಕ್ಕದ ಗಾಡಿಯ ಮೆಣಸಿನಕಾಯಿ ಬಜ್ಜಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಒಮ್ಮೆ ನನ್ನನ್ನೂ ಕೂರಿಸಿಕೊಂಡು ಕಾರಣ ವಿವರಿಸಿದರು.

"ಎಣ್ಣೆ ಅಂದ್ರೆ ಸೋರಬೇಕು ಕಣಲೇ. ಬಜ್ಜಿ ಇಟ್ರೆ ಪೇಪರ್ ನೆನೀತೈತೆ. ಇದು ನೋಡು, ಒಣಗೈತೆ."

ಜೀವಮಾನವೆಲ್ಲ ಸೋರುವ ಎಣ್ಣೆಯನ್ನೇ ಕಂಡವರು, ಎದುರಾಡುವುದು ಹೇಗೆ? ಪಫ್ಸು ಹಿಡಿದಿದ್ದ ನನ್ನ ಬೆರಳಿಗೆ ಏನೋ ಅಂಟಿತ್ತು. ಪ್ಯಾಂಟಿಗೆ ಒರೆಸಿಕೊಂಡೆ.

ವರ್ಷ ಕಳೆದ ಮೇಲೆ ಮತ್ತೆ ಎದೆ ಹಿಡಿದುಕೊಂಡಿತು. ಈ ಸಲ ಮಾವ ಉಳಿಯುತ್ತಾರೋ ಇಲ್ಲವೋ ಎಂದು ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತಿದ್ದೆ. ನಿಜಕ್ಕೂ ಭಯವಾಗಿತ್ತು. ಉಳಿದರು. ಡಾಕ್ಟರು ಏನೇನು ತಿನ್ನುತ್ತೀರೆಂದು ಕೇಳಿದಾಗ, ಮನೆಯಲ್ಲಿ ಎಣ್ಣೆಯನ್ನೇ ಮುಟ್ಟಿಲ್ಲವೆಂದು ಅತ್ತೆ ಆಣೆ ಮಾಡಿದರು. ಪಫ್ಸಿನ ವಿಷಯವನ್ನು ಮಾವ ತಾವಾಗಿಯೇ ಹೇಳಿದರು, ಅದು ಒಣಗಿರುತ್ತದೆ ಎಂಬುದನ್ನೂ ಸೇರಿಸಿ.

ಡಾಕ್ಟರು ತಾಳ್ಮೆಯ ಮನುಷ್ಯ. ಬೇಕರಿಗೆ ಬಳಸುವ ವನಸ್ಪತಿಯೂ ಎಣ್ಣೆಯೇ, ಸೋರದಂತೆ ಗಟ್ಟಿ ಮಾಡಿದ್ದು ಎಂದರು. ಹಾಗೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದಂತೆ. ಕೊಬ್ಬುಗಳಲ್ಲಿ ರಕ್ತನಾಳಕ್ಕೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲವಂತೆ. ಒಗ್ಗರಣೆಗೆ ಒಂದು ಚಮಚ ಶೇಂಗಾ ಎಣ್ಣೆ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ ಎಂದೂ ಹೇಳಿ ಹೋದರು.

ಅತ್ತೆ ಮಂಚದ ಪಕ್ಕಕ್ಕೆ ಬಂದು ನಿಂತರು. ಆಮೇಲೆ ತವರಿನ ತೆಲುಗಿನಲ್ಲಿ ಗಂಡನನ್ನು ಕರೆದರು.

"ಏಮಂಡಿ, ನನ್ನ ನಾಲಿಗೆ ಏನು ಪಾಪ ಮಾಡಿತ್ತು?"

ಮಾವ ಗೋಡೆಯ ಕಡೆ ಹೊರಳಿ ಮಲಗಿದರು.

ಈಗ ಸರ್ಕಾರ ಟ್ರಾನ್ಸ್ ಕೊಬ್ಬಿಗೆ ಮಿತಿ ಹಾಕಿದೆ. ಆದರೂ ನಿನ್ನೆ ಬರಿಗೈಯಲ್ಲೇ, ಸರಿಯಾಗಿ ಊಟದ ಹೊತ್ತಿಗೆ, ಮಾವನ ಮನೆ ಸೇರಿದೆ. ಜಗಲಿಯ ಮೇಲಿದ್ದ ಮಾವ ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕೈಯನ್ನು.

"ಏನೂ ತರಲಿಲ್ವೇನಲೇ?"

ಇಲ್ಲವೆಂದು ಪಕ್ಕದಲ್ಲಿ ಕೂತೆ. ಒಳಗೆ ಅತ್ತೆಯ ಒಗ್ಗರಣೆಯಲ್ಲಿ ಸಾಸಿವೆ ಚಟಪಟ ಎಂದಿತು. ನಾನು ಕೈ ತೊಳೆಯಲು ಎದ್ದೆ. ಮಾವ ತೋಳು ಹಿಡಿದು ಕೂರಿಸಿದರು.

"ತಡಿ. ಮೊದ್ಲು ಆಕೆ ಉಣ್ಲಿ."