ಎಲ್ಲರಿಗೂ ಕಾಣುವಂತೆ, ಯಾರಿಗೂ ಕೇಳದಂತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸರ್ಕಾರಿ ಪ್ರೌಢಶಾಲೆಯ ಮೈದಾನದಲ್ಲಿ ಹೆಂಗಸೊಬ್ಬರು ಬಗ್ಗಿ ಬಗ್ಗಿ ಏನನ್ನೋ ಆರಿಸುತ್ತಿದ್ದಾರೆ. ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಹೆಗಲಿಗೆ ಚೀಲ. ಏನಾದರೂ ಕಳೆದುಕೊಂಡಿರಾ ಎಂದು ಕೇಳಿದರೆ ಅಂಗೈ ಬಿಚ್ಚಿ ತೋರಿಸುತ್ತಾರೆ. ನಾಲ್ಕಾರು ಕಲ್ಲು, ಒಂದು ಗಾಜಿನ ಚೂರು. "ಅಳ್ತಾ ನಡೆಯೋ ಮಕ್ಕಳಿಗೆ ನೆಲ ಕಾಣಲ್ಲ ನೋಡಿ, ಎಡವಿಬಿಡ್ತಾವೆ. ಅದಕ್ಕೆ ದಾರಿ ಒಂಚೂರು ಸರಿ ಮಾಡ್ತೀನಿ," ಎನ್ನುತ್ತಾ ಕಲ್ಲುಗಳನ್ನು ಗೋಡೆಯ ಬುಡಕ್ಕೆ ಹಾಕಿ, ಗಾಜನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಸೇರಿಸುತ್ತಾರೆ.

ಇವರು ಈ ಶಾಲೆಯ ಆಪ್ತ ಸಮಾಲೋಚಕಿ. ಮಕ್ಕಳ ಮನಸ್ಸಿನ ಕಷ್ಟ ಕೇಳುವುದು ಇವರ ಕೆಲಸ. ಆ ಕೆಲಸ ನಡೆಯುವುದು ಕುರ್ಚಿಯ ಮೇಲಲ್ಲ, ಈ ಮೈದಾನವನ್ನು ಸುತ್ತು ಹಾಕುತ್ತಾ. ಹಾಗಾಗಿ ಸಾವಿರಕ್ಕೂ ಮೇಲ್ಪಟ್ಟ ಮಕ್ಕಳ ಬಾಯಲ್ಲಿ ಇವರು ‘ಸುತ್ತು ಮೇಡಂ’. ಅಡ್ಡಹೆಸರಿನ ಬಗ್ಗೆ ಅವರಿಗೆ ಕೋಪವೇನಿಲ್ಲ. "ಹಿಂದಿನ ಶಾಲೆಯಲ್ಲಿ ಇನ್ನೂ ಕೆಟ್ಟದಾಗಿತ್ತು," ಎಂದು ನಗುತ್ತಾರೆ. ಏನೆಂದು ಮಾತ್ರ ಹೇಳುವುದಿಲ್ಲ. ಹೇಳದೆ ಇರುವುದರಲ್ಲಿ ಈ ಹೆಂಗಸು ಎತ್ತಿದ ಕೈ ಎಂಬುದು ಪತ್ರಿಕೆಗೆ ಬರೆಯಲು ಬಂದ ನನಗೆ ಆಮೇಲೆ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲು ಇವರಿಗೂ ಒಂದು ಕೋಣೆ ಇತ್ತು. ಬೇರೆಲ್ಲೋ ಒಂದು ಶಾಲೆಯಲ್ಲಿ ನಡೆಯಬಾರದ್ದು ನಡೆದ ಮೇಲೆ ಇಲಾಖೆ ನಿಯಮ ತಂದಿತು: ಯಾವ ಶಿಕ್ಷಕರೂ ಸಿಬ್ಬಂದಿಯೂ ಮುಚ್ಚಿದ ಬಾಗಿಲ ಹಿಂದೆ ಮಗುವಿನೊಂದಿಗೆ ಒಬ್ಬರೇ ಇರಕೂಡದು. ಸಮಾಲೋಚಕರ ಕೈಪಿಡಿಯಲ್ಲಿ ಅದಕ್ಕಿಂತ ಹಳೆಯ ಇನ್ನೊಂದು ನಿಯಮವಿದೆ: ಮಗು ಹೇಳಿದ್ದು ಮೂರನೆಯವರ ಕಿವಿಗೆ ಬೀಳಕೂಡದು. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆಂದು ತಿಳಿಸುವ ಸುತ್ತೋಲೆ ಮಾತ್ರ ಇನ್ನೂ ಬಂದಿಲ್ಲ. ಬಾಗಿಲು ತೆರೆದಿಟ್ಟು ಮಾತಾಡಲು ನೋಡಿದರು. ಹೊರಗೆ ನಲ್ಲಿಗೆ ಬಂದ ಮಕ್ಕಳೆಲ್ಲ ನೀರು ಕುಡಿಯುವ ನೆಪದಲ್ಲಿ ಅಲ್ಲೇ ಬೀಡು ಬಿಟ್ಟವು. ಒಂದು ಮಧ್ಯಾಹ್ನ ಬೇಸತ್ತು, ಅಳುತ್ತಿದ್ದ ಮಗುವೊಂದನ್ನು "ಬಾ, ಒಂದು ಸುತ್ತು ಹೋಗಿ ಬರೋಣ" ಎಂದು ಮೈದಾನಕ್ಕೆ ಕರೆದೊಯ್ದರು. ಇಡೀ ಶಾಲೆ ನೋಡುತ್ತಿತ್ತು, ಒಂದು ಪಿಳ್ಳೆಗೂ ಏನೂ ಕೇಳಿಸಲಿಲ್ಲ. ಅಂದಿನಿಂದ ಮೈದಾನವೇ ಕಚೇರಿ.

"ಬಾಗಿಲಿನ ನಿಯಮ ತಪ್ಪಲ್ಲ," ಎಂದು ಅವರು ಒತ್ತಿ ಹೇಳುತ್ತಾರೆ. "ಮುಚ್ಚಿದ ಬಾಗಿಲ ಹಿಂದೆ ಮಕ್ಕಳಿಗೆ ಏನೇನಾಗುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೇಕು ಅದು. ಇದೂ ಬೇಕು, ಅದೂ ಬೇಕು ಅಂದ್ರೆ ಕಾಲು ಸವೆಸಬೇಕು, ಅಷ್ಟೇ."

ನಡೆಯುವುದಕ್ಕೂ ಒಂದು ಕ್ರಮವಿದೆ. ಮಗು ಯಾವಾಗಲೂ ಕಾಂಪೌಂಡ್ ಗೋಡೆಯ ಕಡೆಗೆ, ಇವರು ತರಗತಿಗಳ ಕಡೆಗೆ. ಕಣ್ಣೀರು ಬಂದರೆ ಕಿಟಕಿಯಿಂದ ನೋಡುವವರಿಗೆ ಮೇಡಂ ಹೆಗಲು ಮಾತ್ರ ಕಾಣಬೇಕು. ಶಾಲಾ ಕಚೇರಿಯ ಕಿಟಕಿ ಮೈದಾನಕ್ಕೆ ತೀರಾ ಹತ್ತಿರ. ಅದರ ಕೆಳಗೆ ಬಂದಾಗ ಇಬ್ಬರೂ ಹೋಮ್‌ವರ್ಕ್ ಬಗ್ಗೆ ಮಾತಾಡಬೇಕು. ಎಲ್ಲಕ್ಕಿಂತ ಮೊದಲು, ಮಗು ಬಾಯಿ ತೆರೆಯುವ ಮುಂಚೆ, ಇವರೇ ಒಂದು ಮಾತು ಹೇಳುತ್ತಾರೆ: ನಿನಗೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ, ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯವಿದ್ದರೆ, ಅದನ್ನು ನನ್ನೊಳಗೇ ಇಟ್ಟುಕೊಳ್ಳುವಂತಿಲ್ಲ, ಕಾನೂನು ಬಿಡುವುದಿಲ್ಲ. ಉಳಿದದ್ದೆಲ್ಲ ನಿನ್ನದು. ಇದನ್ನು ಕೇಳಿ ಅರ್ಧ ದಾರಿಯಲ್ಲೇ ತಿರುಗಿ ಹೋದ ಮಕ್ಕಳಿದ್ದಾರೆ. "ಹೋಗ್ತಾವೆ. ಹೊಟ್ಟೆ ಉರಿಯುತ್ತೆ ನನಗೆ. ಆದ್ರೆ ಮೊದಲು ಹೇಳದೆ, ಆಮೇಲೆ ಹೋಗಿ ದೂರು ಕೊಟ್ರೆ, ಆ ಮಗು ಇನ್ನು ಯಾವ ದೊಡ್ಡವರನ್ನೂ ನಂಬಲ್ಲ."

ಗುತ್ತಿಗೆ ನೌಕರಿ, ವರ್ಷ ವರ್ಷವೂ ನವೀಕರಣಕ್ಕೆ ಕಾಯಬೇಕು. ಯಾರಾದರೂ ಶಿಕ್ಷಕರು ರಜೆ ಹಾಕಿದರೆ ಆ ತರಗತಿ ಇವರ ತಲೆಗೆ. ಪರೀಕ್ಷೆ ಬಂದರೆ ಮೇಲ್ವಿಚಾರಣೆಯೂ ಇವರದೇ. ಮನೆಯಲ್ಲಿ ಅತ್ತೆಗೆ ಸೊಸೆಯ ಶಾಲೆಯ ಸುದ್ದಿ ಬೇಕು. ಊಟಕ್ಕೆ ಕೂತಾಗಲೆಲ್ಲ "ಇವತ್ತೇನಾಯ್ತೇ?" ಎಂದು ಶುರು. "ಏನೂ ಇಲ್ಲ ಅತ್ತೆ" ಎಂದರೆ, "ಏನೂ ಆಗದ ಶಾಲೆಗೆ ನಿನ್ನನ್ನ ಯಾಕೆ ಇಟ್ಕೊಂಡಿದ್ದಾರೋ!" ಎಂದು ಮುನಿಸು. ಇನ್ನು ಹೈಸ್ಕೂಲು ಓದುವ ಮಗ. "ಊರ ಮಕ್ಕಳೆಲ್ಲ ನನ್ನ ಹತ್ರ ಬಾಯಿ ಬಿಡ್ತಾವೆ. ನನ್ನ ಮಗನನ್ನ ಕೇಳಿದ್ರೆ, ‘ಏನಿಲ್ಲ ಬಿಡಮ್ಮಾ’ ಅಂತಾನೆ. ಸುತ್ತು ಹೋಗೋಣ ಬಾರೋ ಅಂದ್ರೆ ಓಡಿಹೋಗ್ತಾನೆ!"

ಇಷ್ಟು ಸಾಲದೆಂಬಂತೆ ಕಳೆದ ವರ್ಷ ಹೊಸ ನಿಯಮ ಬಂತು. ತಂದೆ ತಾಯಿಯ ಲಿಖಿತ ಒಪ್ಪಿಗೆ ಇಲ್ಲದೆ ಸಮಾಲೋಚಕರು ಯಾವ ಮಗುವನ್ನೂ ಮಾತಾಡಿಸುವಂತಿಲ್ಲ. ಹೆತ್ತವರಿಗೂ ಹಕ್ಕಿದೆ, ಅದನ್ನು ಇವರು ಅಲ್ಲಗಳೆಯುವುದಿಲ್ಲ. ಆದರೆ ಎಂಟನೇ ತರಗತಿಯ ಹುಡುಗಿಯೊಬ್ಬಳ ವಿಷಯದಲ್ಲಿ ಈ ನಿಯಮ ಗಂಟಲಿಗೆ ಸಿಕ್ಕಿಕೊಂಡಿತು. ಅವಳು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಪಾಠ ಓದುತ್ತಿದ್ದವಳು. ಈ ವರ್ಷದ ಮೊದಲಲ್ಲೇ ಮಾತು ನಿಲ್ಲಿಸಿಬಿಟ್ಟಳು. ಹೆಸರು ಕೂಗಿದರೆ ಕೈ ಎತ್ತುತ್ತಾಳೆ, ಉತ್ತರ ಬರೆದು ತೋರಿಸುತ್ತಾಳೆ, ತುಟಿ ಬಿಚ್ಚುವುದಿಲ್ಲ. ವೈದ್ಯರು ಗಂಟಲು ಸರಿಯಿದೆ ಎಂದರು. ಶಾಲೆಯ ಸಮಿತಿ, ಈ ಶೈಕ್ಷಣಿಕ ಅವಧಿ ಮುಗಿಯುವುದರೊಳಗೆ ಸಮಾಲೋಚಕಿಯ ವರದಿ ಬಾರದಿದ್ದರೆ ಹುಡುಗಿಯನ್ನು ವಿಶೇಷ ಶಾಲೆಗೆ ಕಳುಹಿಸುವುದೆಂದು ತೀರ್ಮಾನಿಸಿತು. ವರದಿ ಬರೆಯಲು ಹುಡುಗಿಯನ್ನು ಮಾತಾಡಿಸಬೇಕು, ಮಾತಾಡಿಸಲು ಒಪ್ಪಿಗೆ ಬೇಕು. ಒಪ್ಪಿಗೆ ಪತ್ರ ಮೂರು ಸಲ ಮನೆಗೆ ಹೋಗಿ ಮೂರು ಸಲವೂ ಖಾಲಿಯಾಗಿಯೇ ವಾಪಸಾಗಿತ್ತು.

ಆಮೇಲೆ ಒಂದು ದಿನ ಬೆಳಗಿನ ಗಂಟೆ ಹೊಡೆಯುವ ಮುಂಚೆ ಹುಡುಗಿಯೇ ಬಂದು ಇವರ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ನಡೆಯತೊಡಗಿದಳು. ಮೇಡಂ ಹಿಂತಿರುಗಿ ನೋಡಲಿಲ್ಲ, ಏನೂ ಕೇಳಲಿಲ್ಲ, ಹೆಜ್ಜೆ ಮಾತ್ರ ನಿಧಾನ ಮಾಡಿದರು. ಹೆಡ್ ಮೇಡಂ ಕರೆದು ಎಚ್ಚರಿಸಿದರು: "ನೋಡಮ್ಮಾ, ನಿನ್ನ ಕೆಲಸಕ್ಕೇ ಕುತ್ತು ಬರುತ್ತೆ." ಇವರ ಉತ್ತರ: "ಮಾತಾಡಿಸ್ಬಾರದು ಅಂತ ಇದೆ ಮೇಡಂ, ನಡೀಬಾರದು ಅಂತ ಇಲ್ವಲ್ಲ."

ನಾನು ಶಾಲೆಗೆ ಹೋದ ಎರಡನೇ ಬೆಳಿಗ್ಗೆ ಹುಡುಗಿಯ ತಂದೆ ಬಿರುಗಾಳಿಯ ಹಾಗೆ ಗೇಟು ದಾಟಿ ಬರುತ್ತಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್. ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದಾರೆ, ಉಗುರಿನಲ್ಲಿ ಗ್ರೀಸ್ ಇನ್ನೂ ಇದೆ.

"ಒಪ್ಪಿಗೆ ಇಲ್ಲ ಅಂದ್ಮೇಲೂ ನನ್ನ ಮಗಳನ್ನ ಯಾಕೆ ಸುತ್ತಿಸ್ತಿದ್ದೀರಿ? ನಾನು ದೂರು ಕೊಡ್ತೀನಿ!"

"ಒಂದೇ ಒಂದು ಪ್ರಶ್ನೆ ಕೇಳಿಲ್ಲ ಸರ್ ನಾನು. ಬೇಕಾದ್ರೆ ಅವಳನ್ನೇ ಕೇಳಿ."

ಹೇಳಿದ ಮರುಕ್ಷಣವೇ ಮೇಡಂ ನಾಲಿಗೆ ಕಚ್ಚಿಕೊಳ್ಳುತ್ತಾರೆ. ಮೆಕ್ಯಾನಿಕ್ ಅಷ್ಟು ಹೊತ್ತು ಎತ್ತಿದ್ದ ಕೈ ಕೆಳಗಿಳಿಯುತ್ತದೆ. "ಏನಂತ ಕೇಳಲಿ ಮೇಡಂ? ಮನೇಲೂ ಬಾಯಿ ಬಿಡ್ತಿಲ್ಲ ಅವಳು."

ಮೇಡಂ, "ಬನ್ನಿ, ಒಂದು ಸುತ್ತು ಹೋಗೋಣ," ಎನ್ನುತ್ತಾರೆ.

"ನನಗೇನಾಗಿದೆ?"

"ಏನೂ ಆಗಿಲ್ಲ ಸರ್. ಕೂರಿಸೋಣ ಅಂದ್ರೆ ನನಗೊಂದು ಕೋಣೆ ಇಲ್ಲ."

ಇಬ್ಬರೂ ನಡೆಯುತ್ತಾರೆ. ಅವರು ಗೋಡೆಯ ಕಡೆಗೆ, ಇವರು ತರಗತಿಗಳ ಕಡೆಗೆ. ನಾನು ಕಚೇರಿಯ ಕಿಟಕಿಯಲ್ಲಿ ಕಿವಿ ನಿಮಿರಿಸಿ ಕೂತಿದ್ದೇನೆ, ಪತ್ರಕರ್ತನ ಚಾಳಿ. ಕಿಟಕಿಯ ಕೆಳಗೆ ಬಂದಾಗ ಕೇಳಿಸಿದ್ದು ಇಷ್ಟೇ: "ಒಂದು ಬಸ್ಸಿನ ಟೈರು ಎಷ್ಟು ದಿನಕ್ಕೊಂದು ಸಲ ಬದಲಾಯಿಸ್ತೀರಿ ಸರ್?" ದೂರದ ಮೂಲೆ ಮುಟ್ಟಿದಾಗ ಆ ಗಟ್ಟಿ ಮನುಷ್ಯ ತೋಳಿನಿಂದ ಮುಖ ಒರೆಸಿಕೊಳ್ಳುವುದು ಕಾಣುತ್ತದೆ. ಮೂರನೇ ಸುತ್ತು ಮುಗಿದ ಮೇಲೆ ಕಚೇರಿಗೆ ಬಂದು ಪೆನ್ನು ಕೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಾರೆ.

ಅವರೇನು ಹೇಳಿದರೆಂದು ಮೇಡಂರನ್ನು ಕೇಳುತ್ತೇನೆ. "ಅದು ಅವರದು," ಎಂದು ಮುಗಿಸುತ್ತಾರೆ. ಆದರೆ ಮೆಕ್ಯಾನಿಕ್ ಗೇಟಿನ ಬಳಿ ನನ್ನನ್ನೇ ಕಾಯುತ್ತಿದ್ದಾರೆ.

"ಪೇಪರಿನವರಲ್ವಾ ನೀವು? ಬರೀರಿ ಸರ್, ಪರವಾಗಿಲ್ಲ, ಮಗಳನ್ನೂ ಒಂದು ಮಾತು ಕೇಳಿ ಬರೀರಿ. ಅವಳಮ್ಮಂಗೆ ಮನಸ್ಸಿನ ಕಾಯಿಲೆ. ಆಸ್ಪತ್ರೆಗೆ ಸೇರಿಸಿದೀನಿ. ಸೇರಿಸಿದ ರಾತ್ರಿ ನಾನೇ ಮಗಳಿಗೆ ಗದರಿಸಿ ಹೇಳ್ದೆ, ಇದನ್ನ ಯಾರ ಹತ್ರಾನೂ ಬಾಯಿ ಬಿಡಬೇಡ ಅಂತ. ಶಾಲೆಯ ಫೈಲಲ್ಲಿ ಬರೆದ್ರೆ ಸಾಯೋ ತನಕ ಮಗಳ ಬೆನ್ನು ಬಿಡಲ್ಲ ಅಂತ ಹೆದರಿಕೆ ನನಗೆ. ಮಗು, ಯಾವ ಮಾತಲ್ಲಿ ಅದು ಜಾರಿ ಬಂದುಬಿಡುತ್ತೋ ಅಂತ ಎಲ್ಲ ಮಾತನ್ನೂ ನಿಲ್ಲಿಸಿಬಿಡ್ತು ಸರ್."

ಮಗಳೂ ತಲೆಯಾಡಿಸಿ ಒಪ್ಪಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಫೈಲಿಗೆ ಹೋಗುವುದು ಭೇಟಿಯ ದಿನಾಂಕ ಮತ್ತು ಮಗು ಇದೇ ಶಾಲೆಯಲ್ಲಿ ಓದಬಹುದೋ ಇಲ್ಲವೋ ಎಂಬ ಎರಡು ಸಾಲು ಮಾತ್ರವೆಂದು ಮೇಡಂ ಆ ತಂದೆಗೆ ಮಾತು ಕೊಟ್ಟಿದ್ದಾರೆ. ಹೆಚ್ಚು ಬರೆಯಿರಿ ಎಂದು ಮೇಲಿನವರು ಕೇಳಿದರೆ? "ಕೇಳ್ತಾರೆ. ನವೀಕರಣ ಮಾಡಲ್ಲ ಅಂತಲೂ ಅನ್ನಬಹುದು. ನೋಡೋಣ."

ಮರುದಿನ ಬೆಳಿಗ್ಗೆ ಹುಡುಗಿ ನಾಲ್ಕು ಹೆಜ್ಜೆ ಹಿಂದಿಲ್ಲ, ಪಕ್ಕದಲ್ಲಿದ್ದಾಳೆ. ಬರುವ ಮುಂಚೆ ಅಪ್ಪ ಅವಳನ್ನು ಕೂರಿಸಿಕೊಂಡು, "ಹೇಳಮ್ಮಾ, ನಿನಗೆ ಏನು ಅನ್ಸುತ್ತೋ ಹೇಳು" ಎಂದಿದ್ದರಂತೆ. ಮೊದಲ ಸುತ್ತು ಮೌನ. ಎರಡನೆಯದೂ ಮೌನ. ಮೂರನೇ ಸುತ್ತಿನಲ್ಲಿ, ದೂರದ ಮೂಲೆ ತಿರುಗುವಾಗ, ಅವಳ ತುಟಿ ಅಲುಗಿದ್ದು ಕಾಣುತ್ತದೆ. ಒಂದು ಸಲ. ಆಮೇಲೆ ತಡೆಯಿಲ್ಲದೆ, ಕೈ ಆಡಿಸುತ್ತಾ. ನನಗೆ ಒಂದಕ್ಷರವೂ ಕೇಳಿಸುವುದಿಲ್ಲ. ಏನೂ ಕೇಳಿಸದೆ ಇಷ್ಟು ಸಂತೋಷವಾದದ್ದು ನನ್ನ ವೃತ್ತಿಯಲ್ಲಿ ಇದೇ ಮೊದಲು.

ಕೆಲವು ವಾರ ಬಿಟ್ಟು ನಾನು ಮತ್ತೆ ಶಾಲೆಗೆ ಹೋದಾಗ ವರದಿ ಸಮಿತಿಗೆ ಹೋಗಿದೆ. ಹುಡುಗಿ ಇದೇ ಶಾಲೆಯಲ್ಲಿ ಉಳಿದಿದ್ದಾಳೆ. ತರಗತಿಯಲ್ಲಿ ಈಗ ಹಾಜರಿಗೆ ಉತ್ತರ ಕೊಡುತ್ತಾಳಂತೆ, ಮೆಲ್ಲಗೆ. ಹೊರಡುವ ಮುಂಚೆ ಸುತ್ತು ಮೇಡಂಗೆ, ನಿಮಗೇನು ಬೇಕು ಎಂದು ಕೇಳುತ್ತೇನೆ. ಕೋಣೆ, ಖಾಯಂ ನೌಕರಿ, ಒಂದು ಜೊತೆ ಹೊಸ ಬೂಟು, ಏನಾದರೂ ಕೇಳುತ್ತಾರೆಂದು ನನ್ನ ಎಣಿಕೆ. ಅವರು ಎಂಟನೇ ತರಗತಿಯ ಕಡೆ ನೋಡುತ್ತಾ ನಿಲ್ಲುತ್ತಾರೆ.

"ಬರೋ ವರ್ಷ ಅವಳ ಟೀಚರು ನನ್ನ ಹತ್ರ ದೂರು ತರಬೇಕು ಸರ್. ‘ಈ ಹುಡುಗಿ ಕ್ಲಾಸಲ್ಲಿ ಪಟಪಟ ಅಂತ ಒಂದೇ ಸಮ ಮಾತಾಡ್ತಾಳೆ, ಸ್ವಲ್ಪ ಬುದ್ಧಿ ಹೇಳಿ’ ಅಂತ. ಆ ದೂರಿನ ಬಗ್ಗೆ ನಾನು ಏನೂ ಮಾಡಲ್ಲ."