ದಿಲ್ಲಿಯಿಂದ ಎರಡು ತಾಸು

ಅತ್ತಿ, ನನ್ನ ಗಂಡನ ತಾಯಿ, ತೀರಿಕೊಂಡಿದ್ದು ನಸುಕಿನಲ್ಲಿ. ನಮ್ಮ ಗೋಗಿ ಕಡೆ ಹೆಣ್ಣುಮಗಳು ಸತ್ತರೆ ತವರಿನ ಸೀರೆ ಮೈಮೇಲೆ ಬೀಳದೆ ಹೆಣ ಎತ್ತುವುದಿಲ್ಲ. ಅತ್ತಿಯ ತವರು ಕಕ್ಕೇರಾ. ಒಡಹುಟ್ಟಿದವರು ಅಂತ ಉಳಿದದ್ದು ಒಬ್ಬರೇ ತಮ್ಮ. ಗಂಡನಂತೆ ನಾನೂ ಅವರನ್ನು ಮಾವ ಅಂತಲೇ ಕರೆಯುತ್ತಿದ್ದೆ. ಆಗ ಮಾವ ದಿಲ್ಲಿಯಲ್ಲಿದ್ದರು, ಮಗಳ ಬಾಣಂತನಕ್ಕೆ ಹೋದವರು. ಅಳಿಯನಿಗೆ ಅಲ್ಲಿ ಮಿಲಿಟರಿ ನೌಕರಿ.

ಫೋನಿನಲ್ಲಿ ಸುದ್ದಿ ಹೇಳಿದಾಗ ಅವರು ಅಳಲಿಲ್ಲ. "ಇಮಾನ ಹತ್ತಿ ಬರ್ತೀನವಾ. ನಾ ಬರೂತನಾ ಅಕ್ಕನ ಮುಖ ಮುಚ್ಚಬ್ಯಾಡ್ರಿ" ಅಂದರು. ಅಳಿಯ ಮಧ್ಯಾಹ್ನದ ಟಿಕೆಟ್ ತೆಗೆಸಿದ. ನನ್ನ ಮೈದುನ ಮೊಬೈಲ್ ನೋಡಿ, ಕಟ್ಟೆಯ ಮೇಲಿದ್ದ ಹಿರಿಯರಿಗೆ, "ದಿಲ್ಲಿಯಿಂದ ಹೈದರಾಬಾದಿಗೆ ಎರಡು ತಾಸು ಚಿಲ್ಲರ, ಅಷ್ಟೇ ಅದ" ಎಂದ.

ನಮ್ಮಲ್ಲಿ ಯಾರೂ ವಿಮಾನ ಹತ್ತಿದವರಲ್ಲ. ಶಹಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಹೋಗಲಿಕ್ಕೇ ಎರಡು ತಾಸು ಬೇಕು. ದಿಲ್ಲಿಯೂ ಅಷ್ಟೇ ಅಂದಾಗ ಮಾವ ಇಲ್ಲೇ ಕಲಬುರಗಿಯಲ್ಲಿ ಇದ್ದಂಗೆ ಅನಿಸಿತು ಎಲ್ಲರಿಗೂ.

"ಹಂಗಾರ ಹೊತ್ತು ಇಳಿಯೂದ್ರಾಗ ಬಂದೇ ಬಿಡ್ತಾನ. ಕುಣಿ ತೋಡಸ್ರಿ" ಅಂದರು ಗಂಡನ ದೊಡ್ಡಪ್ಪ.

"ಇಮಾನ ಏನ್ ನಿನ್ನ ಹತ್ತಿ ಹೊಲದಾಗ ಇಳೀತದೇನೋ ಯಪ್ಪಾ?" ಬಗಲ ಮನೆಯ ಮುದುಕಿ ಒಳಗಿನಿಂದಲೇ ಕೇಳಿದಳು. ಸತ್ತ ಮನೆಯಲ್ಲೂ ನಾಲ್ಕು ಮಂದಿ ನಕ್ಕರು. ಗಂಡಸರು ಸಲಿಕೆ ಹಿಡಿದು ಹೋದರು.

ತೋಡಿದ ಕುಣಿಯನ್ನು ನಮ್ಮಲ್ಲಿ ರಾತ್ರಿ ಬರಿದೆ ಬಿಡುವುದಿಲ್ಲ. ಬಿಟ್ಟರೆ ಅದು ಮನೆಯ ಇನ್ನೊಬ್ಬರನ್ನು ಕೇಳುತ್ತದಂತೆ.

ಬಿಸಿಲು ಇಳಿದ ಮೇಲೆ ಮಾವನ ಫೋನು ಬಂತು. "ಈಗ ಹೈದರಾಬಾದ್ ಇಳದೀನಿ. ಕಾರ್ ಹಿಡದೀನಿ. ಯಾದಗಿರಿ ಮುಟ್ಟೂದ್ರಾಗ ಕತ್ತಲಾಗ್ತದಂತವಾ."

ಕಟ್ಟೆಯ ಮೇಲಿದ್ದವರಿಗೆ ಹೇಳಿದೆ. ದೊಡ್ಡಪ್ಪ ಟವೆಲ್ ಕೊಡವಿ ಎದ್ದರು. "ಕುಣಿ ತೋಡಿ ಆಗ್ಯಾದ. ಇನ್ನ ಕಾಯಾಕ ಬರಂಗಿಲ್ಲ."

ಕಕ್ಕೇರಾದಿಂದ ಬಂದಿದ್ದ ದೂರದ ಸಂಬಂಧಿಯೊಬ್ಬರು ಶಹಾಪುರದ ಅಂಗಡಿಯಿಂದ ಸೀರೆ ತರಿಸಿ, ಮಾವನ ಹೆಸರು ಹೇಳಿ ಹೊದಿಸಿದರು. ಎತ್ತುವ ಮೊದಲು ಮೈದುನ ಮಾವನಿಗೆ ವಿಡಿಯೋ ಕಾಲ್ ಹಚ್ಚಿ ಮೊಬೈಲನ್ನು ನನ್ನ ಕೈಗೆ ಕೊಟ್ಟ. ಅತ್ತಿಯ ಮುಖದ ಮೇಲೆ ಹಿಡಿದೆ. ಕಾರಿನ ಅಲುಗಾಟಕ್ಕೆ ಮಾವನ ಹಣೆಯಷ್ಟೇ ಕಾಣುತ್ತಿತ್ತು.

"ಇನ್ನಾ ಸನೇ ಹಿಡಿಯವಾ. ತುಟಿ ಮ್ಯಾಲ ನೊಣ ಕುಂತದ, ಹೊಡಿ."

ಹೊಡೆದೆ. "ನೋಡಿದ್ದಾತೇನ್ರಿ ಮಾವಾ?"

"ಆಗಿಲ್ಲ."

ಕಾರು ಯಾವುದೋ ಗುಡ್ಡದ ಮರೆಗೆ ಹೋಯಿತೋ ಏನೋ, ಚಿತ್ರ ಅಲ್ಲೇ ನಿಂತುಬಿಟ್ಟಿತು. ಹೊರಗೆ ಗಂಡಸರು ಕಾಯುತ್ತಿದ್ದರು.

ಮಾವ ಮನೆಗೆ ಬಂದಾಗ ಮಣ್ಣು ಮುಗಿದು ನಮ್ಮೆಲ್ಲರ ಸ್ನಾನವೂ ಆಗಿತ್ತು. ಕೈಯಲ್ಲಿ ಒಂದು ಚೀಲ, ಅದರಲ್ಲಿ ಸೀರೆ. ಊರಿಗೆ ಬಂದಾಗ ಅಕ್ಕನಿಗೆ ಉಡಿಸಬೇಕೆಂದು ದಿಲ್ಲಿಯಲ್ಲಿ ಮೊದಲೇ ಕೊಂಡಿಟ್ಟಿದ್ದಂತೆ. ದೊಡ್ಡಪ್ಪ ಕೈ ಮುಗಿದು, "ನಮಗ ತಿಳೀಲಿಲ್ಲಪಾ, ಎರಡು ತಾಸಂದ್ರು" ಎಂದರು.

"ಮ್ಯಾಲ ಎರಡೇ ತಾಸ್ರಿ. ಕೆಳಗಿನ ದಾರೀನೇ ಹರೀಲಿಲ್ಲ" ಎಂದು ಮಾವ ನನ್ನ ಕಡೆ ತಿರುಗಿದರು. "ಯಾ ಬಣ್ಣದ್ದು ಹೊದಿಸಿದ್ರವಾ?"

"ನೀಲಿ, ಮಾವ."

ಅವರು ತಾವು ತಂದ ಸೀರೆ ಬಿಚ್ಚಿ, ಅತ್ತಿಯನ್ನು ಮಲಗಿಸಿದ್ದ ಜಾಗದಲ್ಲಿ ಆಳುದ್ದ ಹಾಸಿದರು. ಕಾಲ ಕಡೆ ಬರುವ ಸೆರಗನ್ನು ಎಳೆದು ಸರಿಮಾಡಿದರು. ಆ ರಾತ್ರಿ ನಾವೆಲ್ಲ ಆ ಸೀರೆಯನ್ನು ತುಳಿಯದಂತೆ ಗೋಡೆಗೆ ಒತ್ತಿಕೊಂಡು ಮಲಗಿದೆವು.