ಕುಂಕುಮ ಹಚ್ಚಿದ ಕಾರ್ಡು

ಗುಂಡಿಗಳ ಡಬ್ಬ ಮಗುಚಿದಾಗ ತಳದಲ್ಲಿ ಅದು ಸಿಕ್ಕಿತು. ಕಂಪ್ಯೂಟರಿನೊಳಗೆ ಇರುವಂಥ ಅಂಗೈಯಗಲದ ಹಸಿರು ಕಾರ್ಡು, ಅಂಚಿನಲ್ಲಿ ಒಣಗಿದ ಕುಂಕುಮ. ಟೈಲರಿಂಗ್ ಅಂಗಡಿಯಲ್ಲಿ ಅದಕ್ಕೇನು ಕೆಲಸ, ಎಸೆಯೋಣವೆಂದು ಎದ್ದೆ... ಆಗಲಿಲ್ಲ.

ಅದು ಸೈಬರ್ ಆಂಟಿಯದು. ವಿಜಯನಗರದಲ್ಲಿ ಅವರ ಸೈಬರ್ ಸೆಂಟರಿಗೂ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ಬಾಡಿಗೆ ಮಳಿಗೆಯಲ್ಲಿ ಗಂಡ ಶುರುಮಾಡಿದ ಅಂಗಡಿ. ಅವರು ತೀರಿಕೊಂಡ ಮೇಲೆ ಆಂಟಿಯೇ ನಡೆಸುತ್ತಿದ್ದರು. ಅಲ್ಲಿನ ಅಷ್ಟೂ ಕಂಪ್ಯೂಟರುಗಳಿಗೆ ನೆಟ್ ಹಂಚುವ ಸರ್ವರನ್ನು ಗಂಡನೇ ಕೂರಿಸಿದ್ದು. ಅದನ್ನು ಬಿಟ್ಟರೆ ಆ ಹೆಂಗಸಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ.

ಒಂದು ಆಯುಧ ಪೂಜೆಗೆ, ಗಂಡ ಮಾಡುತ್ತಿದ್ದಂತೆಯೇ, ಸರ್ವರ್ ಬಿಚ್ಚಿ ಧೂಳು ಒರೆಸಿದರು. ನೆಟ್ ವೈರು ಸಿಕ್ಕಿಸುವ ನೆಟ್‌ವರ್ಕ್ ಕಾರ್ಡನ್ನು ಕಿತ್ತು, ಕುಂಕುಮ ಹಚ್ಚಿ, ಮತ್ತೆ ಸಿಕ್ಕಿಸಿದರು. ಮಾರನೇ ದಿನ ನೆಟ್ಟೇ ಇಲ್ಲ. ಬಂದ ಗಿರಾಕಿಗಳೆಲ್ಲ ವಾಪಸ್. ಆಂಟಿ ನನ್ನ ಮೆಷಿನ್ ಪಕ್ಕ ಕುಸಿದು ಕೂತು, "ಅವರದ್ದು ಅಂತ ಇದ್ದಿದ್ದು ಇದೊಂದೇ, ಇದೂ ಹೋಯ್ತು ಕಣೇ" ಎಂದು ಅತ್ತರು.

ರಿಪೇರಿಯವನು ಬಂದು ನೋಡಿದ. "ಕಾರ್ಡ್ ಚೆನ್ನಾಗೇ ಇದೆ ಆಂಟಿ. ಪಕ್ಕದ ಸ್ಲಾಟ್‌ಗೆ ಹಾಕ್ಬಿಟ್ಟಿದೀರ. ಅದು ಕೂತಿರೋ ಜಾಗ ನೋಡಿ ಸಿಸ್ಟಮ್ಮು ಅದಕ್ಕೆ ಹೆಸರಿಡುತ್ತೆ. ಜಾಗ ಬದಲಾಯ್ತು, ಹೆಸರೂ ಬದಲಾಯ್ತು. ಅಂಕಲ್ ಮಾಡಿಟ್ಟ ಸೆಟ್ಟಿಂಗ್ ಎಲ್ಲಾ ಹಳೇ ಹೆಸರಲ್ಲಿದೆ."

ಹಳೆಯ ಜಾಗಕ್ಕೆ ಹಾಕಿದ, ನೆಟ್ ಬಂತು. ಆಂಟಿ ಕಣ್ಣೊರೆಸಿಕೊಂಡು, "ಅದೇ ಕಾರ್ಡು, ಒಂದಂಗುಲ ಸರಿದಿದ್ದಕ್ಕೆ ಯಾರೋ ಆಗ್ಬಿಡ್ತಲ್ಲೇ" ಎಂದರು. ಇಬ್ಬರೂ ನಕ್ಕೆವು. ಹಾಳಾದ ನಗು.

ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಗಿರಾಕಿ ಕರಗಿತು. ಓನರ್ ಮಳಿಗೆಗಳನ್ನು ಮಾರಿಕೊಂಡು ಹೋದರು, ಬಾಡಿಗೆ ಬಾಕಿಯೆಂದು ಹೊಸಬರು ಆಂಟಿಯನ್ನು ಬಿಡಿಸಿದರು. ಸರ್ವರ್ ಗುಜರಿ ಪಾಲಾಯಿತು. ಈ ಕಾರ್ಡನ್ನು ಮಾತ್ರ ನನ್ನ ಕೈಗಿಟ್ಟು, "ನಿನ್ ಹತ್ರ ಇರ್ಲಿ, ಬಂದು ತಗೊಳ್ತೀನಿ" ಎಂದು ಶ್ರೀಗಂಧದ ಕಾವಲ್ ಕಡೆ ಬಾಡಿಗೆ ಮನೆಗೆ ಹೋದರು.

ಬರಲಿಲ್ಲ. ಹೋದ ವರ್ಷ ಒಂದು ಮಧ್ಯಾಹ್ನ ಫೋನ್ ಮಾಡಿದರು. ದನಿ ಬತ್ತಿಹೋಗಿತ್ತು. "ಎದ್ದೇಳೋಕೆ ಆಗ್ತಿಲ್ಲ ಕಣೇ, ಒಂದ್ಸಲ ಬಾ..." ಮನೆ ಎಲ್ಲಿ ಎಂದು ಕೇಳುವಷ್ಟರಲ್ಲಿ ಲೈನ್ ಕಟ್ಟಾಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಹೊಲಿಯುತ್ತಿದ್ದುದನ್ನು ಅಲ್ಲೇ ಬಿಟ್ಟು ಶ್ರೀಗಂಧದ ಕಾವಲ್‌ಗೆ ಓಡಿದೆ. ಹಾಲಿನ ಬೂತು, ಇಸ್ತ್ರಿ ಗಾಡಿ, ಮೆಡಿಕಲ್ ಶಾಪು, ಎಲ್ಲ ಕಡೆ ಸೈಬರ್ ಆಂಟಿ ಮನೆ ಯಾವುದೆಂದು ಕೇಳಿದೆ.

"ಇಲ್ಲಿ ಸೈಬರ್ ಯಾವ್ದೂ ಇಲ್ವಲ್ಲಮ್ಮ" ಎಂದರು ಮೆಡಿಕಲ್ ಶಾಪಿನವರು. "ಅವರ ಹೆಸರು ಹೇಳಿ. ಮಾತ್ರೆ ತಗೊಂಡು ಹೋಗ್ತಿದ್ರೆ ನಮಗೆ ಗೊತ್ತಿರುತ್ತೆ."

ಅಷ್ಟು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು. ಅವರ ಬ್ಲೌಸಿನ ಅಳತೆ ನನಗೆ ಇವತ್ತಿಗೂ ಬಾಯಿಪಾಠ. ಹೆಸರು ಗೊತ್ತಿರಲಿಲ್ಲ. ನನ್ನ ಫೋನಿನಲ್ಲೂ ಅವರು ಸೈಬರ್ ಆಂಟಿಯೇ.

ಆಮೇಲೂ ಹೋದೆ, ಬೀದಿ ಬೀದಿ ಅಲೆದೆ. ಇದ್ದಾರೋ, ಇಲ್ಲವೋ... ಏನೆಂದು ಕೇಳಲಿ, ಯಾರನ್ನು ಕೇಳಲಿ?

ಕಾರ್ಡನ್ನು ಮತ್ತೆ ಗುಂಡಿಗಳ ಡಬ್ಬಕ್ಕೇ ಹಾಕಿದೆ. ಗೋಡೆಯಾಚೆ ಈಗ ಜ್ಯೂಸ್ ಅಂಗಡಿ. ಅದನ್ನು ನಡೆಸುವ ಹೆಂಗಸು ಆಚೆಯಿಂದಲೇ ಕೂಗಿದಳು: "ಟೈಲರ್ ಆಂಟಿ, ಒಂದು ಸೂಜಿ ಇದ್ಯಾ?"

ಓ ಎಂದೆ.